ರೋಮ್ ನಗರವನ್ನು ಕಂಡುಬಂದ ನಾಲ್ವರು



ಡಿಸೆಂಬರ್ ತಿಂಗಳು ಬಂತೆಂದರೆ ನಮ್ಮ ಶಾಲೆಗಳಲ್ಲಿ ಪ್ರವಾಸದ ಸಡಗರ. ಹಂಪಿ, ಬೇಲೂರು, ಮೈಸೂರು ಎಂದು ಮಕ್ಕಳು ಹೊರಡುತ್ತಾರೆ. ಒಪ್ಪಿಗೆಯ ಚೀಟಿಗೆ ಸಹಿ ಹಾಕಿದ ತಾಯಿಗೆ ಬಸ್ಸು ಹಿಂದಿರುಗುವವರೆಗೂ ನಿದ್ದೆಯಿಲ್ಲ. ಮೂರು ದಿನಗಳ ಪ್ರವಾಸಕ್ಕೇ ಹೀಗಾದರೆ, ಎಂಟು ವರ್ಷ ಐದು ತಿಂಗಳ ಪ್ರವಾಸಕ್ಕೆ ಮಕ್ಕಳನ್ನು ಕಳುಹಿಸಿಕೊಟ್ಟ ಮನೆಗಳ ಪಾಡೇನಿರಬೇಕು?

1582ರ ಫೆಬ್ರವರಿ 20ರಂದು ಜಪಾನಿನ ನಾಗಸಾಕಿ ಬಂದರಿನಿಂದ ನಾಲ್ವರು ಬಾಲಕರು ರೋಮ್ ನಗರಕ್ಕೆ ಹೊರಟರು. ಮಾನ್ಸಿಯೊ ಇತೋ, ಮಿಗೆಲ್ ಚಿಜಿವಾ, ಮಾರ್ತಿನೊ ಹಾರಾ, ಜೂಲಿಯನ್ ನಕಾವುರಾ. ಎಲ್ಲರಿಗೂ ಹದಿಮೂರು ಹದಿನಾಲ್ಕರ ಆಸುಪಾಸು. ಯೇಸುಸಭೆಯವರು 1580ರಲ್ಲಿ ಅರಿಮಾ ಎಂಬಲ್ಲಿ ತೆರೆದಿದ್ದ ಕಿರಿಯ ಗುರುಮಠದ ವಿದ್ಯಾರ್ಥಿಗಳು ಇವರು. ಹೆಸರಿಗೆ ಇವರು ಮೂವರು ಕ್ರೈಸ್ತ ಪಾಳೆಯಗಾರರ ರಾಯಭಾರಿಗಳು. ಆದರೆ ಯೋಜನೆ ಯೇಸುಸಭೆಯ ಅಲೆಸ್ಸಾಂದ್ರೊ ವಲಿನ್ಯಾನೊ ಎಂಬ ಇಟಲಿಯ ಗುರುಗಳದು. ಜಪಾನೀಯರು ಎಂಥವರೆಂದು ಯುರೋಪು ನೋಡಬೇಕು, ಯುರೋಪಿನ ಕ್ರೈಸ್ತ ವೈಭವವನ್ನು ಜಪಾನೀಯರೇ ಕಂಡು ತಮ್ಮವರಿಗೆ ಹೇಳಬೇಕು ಎಂಬುದು ಅವರ ಎಣಿಕೆ. ಬಡ ಹುಡುಗರನ್ನು ರಾಜಕುಮಾರರಂತೆ ಮೆರೆಸಲಾಯಿತೆಂದು ಅದೇ ಸಭೆಯ ಗುರುಗಳೊಬ್ಬರು ಮುಂದೆ ಆಕ್ಷೇಪಿಸಿದ್ದೂ ಉಂಟು.

ವಲಿನ್ಯಾನೊ ಅವರು ಬಾಲಕರ ಮೇಲ್ವಿಚಾರಕರಿಗೆ ಕೊಟ್ಟ ಸೂಚನೆಗಳು ಇಂದಿಗೂ ಓದತಕ್ಕವು. ಮಕ್ಕಳಿಗೆ ಉತ್ತಮವಾದುದನ್ನು ಮಾತ್ರ ತೋರಿಸಬೇಕು. ಅವರನ್ನು ಒಂಟಿಯಾಗಿ ಅಲೆಯಬಿಡಬಾರದು. ಕ್ರೈಸ್ತರ ನಡುವಣ ಒಡಕು, ಹಗರಣಗಳು ಅವರ ಕಣ್ಣಿಗೂ ಕಿವಿಗೂ ಬೀಳಬಾರದು. ಮಕ್ಕಳನ್ನು ಪ್ರವಾಸಕ್ಕೆ ಕರೆದೊಯ್ದ ಯಾವ ಅಧ್ಯಾಪಕರಿಗೂ ಈ ಆತಂಕ ಅಪರಿಚಿತವಲ್ಲ. ಗುರುವಾಗಿ ನಾನೂ ಅಂಥ ಎಚ್ಚರಿಕೆಗಳನ್ನು ಕೊಟ್ಟವನೇ.

ಮಕಾವು, ಮಲಾಕ್ಕಾಗಳನ್ನು ದಾಟಿ ಅವರು ಭಾರತಕ್ಕೆ ಬಂದರು. 1583ರ ಮಳೆಗಾಲವನ್ನು ಕೊಚ್ಚಿಯಲ್ಲಿ ಕಳೆದು, ನಮ್ಮ ಕರಾವಳಿಯುದ್ದಕ್ಕೂ ಸಾಗಿ ಗೋವೆಯನ್ನು ಮುಟ್ಟಿದರು. ಭಾರತದ ಪ್ರಾಂತಾಧಿಕಾರಿಯಾಗಿ ನೇಮಕಗೊಂಡ ವಲಿನ್ಯಾನೊ ಅಲ್ಲಿಯೇ ಉಳಿಯಬೇಕಾಯಿತು. ಬಾಲಕರು ಮುಂದುವರಿದು 1584ರ ಆಗಸ್ಟ್‌ನಲ್ಲಿ ಲಿಸ್ಬನ್ ತಲುಪಿದರು. ಮಾದ್ರಿದ್‌ನಲ್ಲಿ ದೊರೆ ಎರಡನೆಯ ಫಿಲಿಪ್ ಅವರನ್ನು ಬರಮಾಡಿಕೊಂಡನು.

1585ರ ಮಾರ್ಚ್ 22ರ ಸಂಜೆ ರೋಮ್ ಪ್ರವೇಶ. ಮರುದಿನ ಜಗದ್ಗುರು ಹದಿಮೂರನೆಯ ಗ್ರೆಗೊರಿಯವರ ದರ್ಶನ. ನಮ್ಮ ಗೋಡೆಗಳ ಮೇಲೆ ಇಂದಿಗೂ ತೂಗುವ ಕ್ಯಾಲೆಂಡರಿನ ಸುಧಾರಣೆಯನ್ನು ಬಾಲಕರು ಮನೆ ಬಿಟ್ಟ ವರ್ಷವೇ ಜಾರಿಗೆ ತಂದವರು ಇವರು. ಆ ದಿನ ಮೂವರು ಮಾತ್ರ ಮೆರವಣಿಗೆಯಲ್ಲಿ ಸಾಗಿದರು. ಜೂಲಿಯನ್‌ಗೆ ವಿಪರೀತ ಜ್ವರ. ಆದರೂ ಜಗದ್ಗುರುಗಳನ್ನು ಕಾಣಲೇಬೇಕೆಂದು ಅವನು ಹಟ ಹಿಡಿದಾಗ ಅವನನ್ನು ಬಂಡಿಯಲ್ಲಿ ಮೊದಲೇ ಕರೆದೊಯ್ದರು. ವೃದ್ಧ ಜಗದ್ಗುರುಗಳು ಅವನನ್ನು ಅಪ್ಪಿಕೊಂಡು, ವಿಶ್ರಾಂತಿ ಪಡೆಯುವಂತೆ ಹೇಳಿ ಕಳುಹಿಸಿದರು. ಹದಿನೆಂಟು ದಿನಗಳಲ್ಲಿ ಅವರೇ ತೀರಿಕೊಂಡರು.

ಉಳಿದ ಮೂವರಿಗೆ ಸ್ವಾಗತ ದೊರೆತದ್ದು ವ್ಯಾಟಿಕನ್ ಅರಮನೆಯ ರಾಜಸಭಾಂಗಣದಲ್ಲಿ. ಕಾರ್ಡಿನಲ್‌ಗಳು ಸಾಲಾಗಿ ಕುಳಿತಿದ್ದರು. ಜಗದ್ಗುರುಗಳು ಆನಂದಬಾಷ್ಪ ಸುರಿಸಿದರು. ವಾಚಕರೇ, ಇಲ್ಲಿ ಕ್ಷಣಕಾಲ ನಿಲ್ಲಬೇಕು. ಆ ಸಭಾಂಗಣದ ಗೋಡೆಯ ಮೇಲೆ ವಸಾರಿ ಎಂಬ ಹೆಸರಾಂತ ಕಲಾವಿದನ ಚಿತ್ರಗಳಿವೆ. 1572ರಲ್ಲಿ ಫ್ರಾನ್ಸಿನ ಪ್ಯಾರಿಸ್‌ನಲ್ಲಿ ಸಂತ ಬಾರ್ತಲೋಮಿಯವರ ಹಬ್ಬದಂದು ಆರಂಭವಾದ ಪ್ರಾಟೆಸ್ಟಂಟರ ಕಗ್ಗೊಲೆಯ ಚಿತ್ರಗಳವು, ಇದೇ ಜಗದ್ಗುರುಗಳ ಕಾಲದಲ್ಲಿ ಬರೆಸಿದವು. ಯಾವ ಒಡಕನ್ನು ಮಕ್ಕಳಿಂದ ಮರೆಮಾಡಬೇಕೆಂದಿದ್ದರೋ, ಅದು ಅವರನ್ನು ಬರಮಾಡಿಕೊಂಡ ಕೋಣೆಯ ಗೋಡೆಯ ಮೇಲೆಯೇ ಇತ್ತು. ಅದನ್ನು ಮೂಡಿಸಿದ್ದೂ ಹೆಮ್ಮೆಯಿಂದಲೇ. ಧರ್ಮಸಭೆಯ ಮಗನಾಗಿ ಇದನ್ನು ಬರೆಯುವುದು ನನಗೆ ಸುಲಭವಲ್ಲ. ಬಿಟ್ಟು ಬರೆದರೆ ಚರಿತ್ರೆಯಾಗದು.

ಬಾಲಕರು ಹೊಸ ಜಗದ್ಗುರು ಐದನೆಯ ಸಿಕ್ಸ್ತುಸರ ಆಯ್ಕೆಯ ದಿನಗಳನ್ನು ರೋಮ್‌ನಲ್ಲೇ ಕಳೆದರು. ನಗರವು ಅವರಿಗೆ ಪೌರತ್ವವಿತ್ತು ಗೌರವಿಸಿತು. ಜೂನ್ 3ರಂದು ಹೊರಟು, ವೆನಿಸ್, ಮಿಲಾನ್‌ಗಳನ್ನು ಕಂಡು ಹಡಗೇರಿದರು. ವಿಚೆನ್ಸಾ ನಗರದ ಒಲಿಂಪಿಕ್ ರಂಗಮಂದಿರದ ಗೋಡೆಯಲ್ಲಿ ಅವರ ಭೇಟಿಯ ಚಿತ್ರವೊಂದು ಇಂದಿಗೂ ಇದೆ.

ಹಿಂದಿರುಗುವ ದಾರಿಯಲ್ಲಿ, 1587ರಲ್ಲಿ, ಗೋವೆಯ ಸಂತ ಪೌಲರ ಕಾಲೇಜಿನಲ್ಲಿ ಮಾರ್ತಿನೊ ಹಾರಾ ಲತೀನ್ ಭಾಷೆಯಲ್ಲಿ ಭಾಷಣ ಮಾಡಿದನು. ಅವರೇ ಯುರೋಪಿನಿಂದ ಹೊತ್ತು ತಂದಿದ್ದ ಅಚ್ಚುಯಂತ್ರದಲ್ಲಿ ಅದು ಮರುವರ್ಷ ಗೋವೆಯಲ್ಲೇ ಅಚ್ಚಾಯಿತು. ನಮ್ಮ ಕರಾವಳಿಯ ಎಷ್ಟೋ ಕ್ರೈಸ್ತ ಮನೆತನಗಳ ಪೂರ್ವಿಕರು ಆಗ ಗೋವೆಯಲ್ಲಿದ್ದವರು. ಆ ಹುಡುಗರು ಬೀದಿಯಲ್ಲಿ ಹಾದುಹೋಗುವುದನ್ನು ಅವರಲ್ಲಿ ಯಾರಾದರೂ ನಿಂತು ನೋಡಿರಲೂಬಹುದು.

1590ರ ಜುಲೈಯಲ್ಲಿ ನಾಗಸಾಕಿ ಸೇರುವ ಹೊತ್ತಿಗೆ ಅವರು ಬಾಲಕರಾಗಿರಲಿಲ್ಲ, ದೇಶವೂ ಮೊದಲಿನದಾಗಿರಲಿಲ್ಲ. ಮಿಷನರಿಗಳು ದೇಶ ಬಿಡಬೇಕೆಂದು ಆಡಳಿತಗಾರ ಹಿದೆಯೋಶಿ 1587ರಲ್ಲೇ ಆಜ್ಞೆ ಹೊರಡಿಸಿದ್ದನು. 1591ರಲ್ಲಿ ಅವನ ಮುಂದೆ ಈ ತರುಣರು ಪಾಶ್ಚಾತ್ಯ ವಾದ್ಯಗಳನ್ನು ನುಡಿಸಿದರು. ಅವನು ಮೆಚ್ಚಿದನು, ಆಜ್ಞೆಯನ್ನು ಮಾತ್ರ ಹಿಂತೆಗೆದುಕೊಳ್ಳಲಿಲ್ಲ. ಮರೆಮಾಡಿದ ಸಂಗತಿಯೂ ಮರೆಯಲ್ಲಿ ಉಳಿಯಲಿಲ್ಲ. 1600ರಲ್ಲಿ ಡಚ್ಚರ ಹಡಗಿನಲ್ಲಿ ಬಂದ ವಿಲಿಯಂ ಆಡಮ್ಸ್ ಎಂಬ ಆಂಗ್ಲ ನಾವಿಕನು ಯುರೋಪಿನ ಕ್ರೈಸ್ತರ ಕಾದಾಟವನ್ನು ತೊಕುಗಾವಾ ಇಯೆಯಾಸುವಿಗೆ ತಾನೇ ವಿವರಿಸಿದನು.

ನಾಲ್ವರೂ ಯೇಸುಸಭೆಯನ್ನು ಸೇರಿದರು. ಮೂವರಿಗೆ 1608ರಲ್ಲಿ ಗುರುದೀಕ್ಷೆಯಾಯಿತು. ಮಾನ್ಸಿಯೊ 1612ರಲ್ಲಿ ತೀರಿಕೊಂಡರು. 1614ರಲ್ಲಿ ಗಡೀಪಾರಾದ ಮಾರ್ತಿನೊ 1629ರಲ್ಲಿ ಮಕಾವುವಿನಲ್ಲಿ ಕಣ್ಮುಚ್ಚಿದರು. ಜೂಲಿಯನ್ ದೇಶ ಬಿಡದೆ, ಸುಮಾರು ಇಪ್ಪತ್ತು ವರ್ಷ ಅಡಗಿದ್ದು ವಿಶ್ವಾಸಿಗಳಿಗೆ ಸಂಸ್ಕಾರಗಳನ್ನು ನೀಡಿದರು. 1633ರ ಅಕ್ಟೋಬರ್‌ನಲ್ಲಿ ಅವರನ್ನು ನಾಗಸಾಕಿಯ ಗುಡ್ಡದ ಮೇಲೆ ಹೊಂಡದೊಳಗೆ ತಲೆಕೆಳಗಾಗಿ ತೂಗುಬಿಟ್ಟರು. ಜೊತೆಯಲ್ಲೇ ಶಿಕ್ಷೆಗೊಳಗಾದ ಯೇಸುಸಭೆಯ ಮುಖಂಡ ಫೆರೇರಾ ಕೆಲವೇ ಗಂಟೆಗಳಲ್ಲಿ ವಿಶ್ವಾಸವನ್ನು ತೊರೆದರು. ಜೂಲಿಯನ್ ನಾಲ್ಕನೆಯ ದಿನ ಪ್ರಾಣಬಿಟ್ಟರು. ರೋಮ್ ನಗರವನ್ನು ಕಂಡ ಜೂಲಿಯನ್ ತಾನೆಂದು ಕೊನೆಯಲ್ಲಿ ಹೇಳಿಕೊಂಡರೆಂಬುದು ಪರಂಪರೆಯ ಮಾತು. ಅವರಿಗೆ ಪುನೀತ ಪದವಿ ದೊರೆತದ್ದು 2008ರ ನವೆಂಬರ್ 24ರಂದು, ನಾಗಸಾಕಿಯಲ್ಲಿ.

ಮಿಗೆಲ್? ಅವನು ಸಭೆಯನ್ನು ತೊರೆದು ಮದುವೆಯಾದನು. ವಿಶ್ವಾಸವನ್ನೇ ಬಿಟ್ಟವನೆಂದು ನಮ್ಮವರು ನಾನೂರು ವರ್ಷ ಬರೆದರು, ಪಾಠ ಹೇಳಿದರು. ಗುರುಮಠದಲ್ಲಿ ನಾನು ಕೇಳಿದ್ದೂ ಅದನ್ನೇ. ನಾಗಸಾಕಿ ಪ್ರಾಂತ್ಯದ ಇಸಾಹಯಾದಲ್ಲಿ ಅವನದೂ ಅವನ ಹೆಂಡತಿಯದೂ ಎಂದು ನಂಬಲಾದ ಸಮಾಧಿಸ್ಥಳವಿದೆ. 2017ರಲ್ಲಿ ಅದನ್ನು ಅಗೆದಾಗ ಮಣ್ಣಿನೊಳಗೆ ಪುಟ್ಟ ಗಾಜಿನ ಮಣಿಗಳು ಸಿಕ್ಕವು. ಅವು ಜಪಸರದ ಮಣಿಗಳಿರಬಹುದೆಂದು ಸಂಶೋಧಕರು ಹೇಳುತ್ತಾರೆ.