ಕಾವೇರಿಯ ಎರಡು ನಡುಗಡ್ಡೆ, ಬೆಂಗಳೂರಿನ ಒಂದು ನಲ್ಲಿ

ಮಳೆಗಾಲದಲ್ಲಿ ಒಂದು ಭಾನುವಾರ ಬೆಳಿಗ್ಗೆ ಕನಕಪುರ ರಸ್ತೆಯಲ್ಲಿ ನಿಂತು ನೋಡಿ. ಬನಶಂಕರಿ, ಜಯನಗರ, ಜೆ.ಪಿ. ನಗರದ ಕಾರು, ಬೈಕುಗಳು ಮಳವಳ್ಳಿ ಕಡೆ ಹೋಗುತ್ತಿರುತ್ತವೆ. ಅವರು ಹೊರಟಿರುವುದು ಶಿವನಸಮುದ್ರಕ್ಕೆ. ಇನ್ನಷ್ಟು ಜನ ಮೈಸೂರು ರಸ್ತೆ ಹಿಡಿದು ಶ್ರೀರಂಗಪಟ್ಟಣಕ್ಕೆ ಹೋಗುತ್ತಾರೆ. ಎರಡೂ ಕಾವೇರಿ ಕವಲೊಡೆದು ಆದ ನಡುಗಡ್ಡೆಗಳು. ಎರಡರಲ್ಲೂ ರಂಗನಾಥನ ಗುಡಿ ಇದೆ. ಶ್ರೀರಂಗಪಟ್ಟಣದವನು ಆದಿರಂಗ, ಶಿವನಸಮುದ್ರದವನು ಮಧ್ಯರಂಗ.

ನೋಡುವುದಕ್ಕೆ ಬೇಕಾದಷ್ಟಿದೆ. ಶ್ರೀರಂಗಪಟ್ಟಣದಲ್ಲಿ ಕೋಟೆ, ಟಿಪ್ಪು 1784ರಲ್ಲಿ ಕಟ್ಟಿಸಿದ ದರಿಯಾ ದೌಲತ್, ಪಕ್ಕದಲ್ಲೇ ರಂಗನತಿಟ್ಟಿನ ಹಕ್ಕಿಗಳು. ಶಿವನಸಮುದ್ರದಲ್ಲಿ ನದಿಯ ಒಂದು ಕವಲು ಗಗನಚುಕ್ಕಿಯಾಗಿ, ಇನ್ನೊಂದು ಭರಚುಕ್ಕಿಯಾಗಿ ಧುಮುಕುತ್ತದೆ. ಆದರೆ ಈ ಎರಡು ನಡುಗಡ್ಡೆಗಳು ಬೆಂಗಳೂರಿನವರ ಮನೆ ಬಾಗಿಲಿಗೆ ಎಂದೋ ಬಂದಿವೆ.

ಮೊದಲು ಬಂದದ್ದು ತೋಟದ ನಂಟು. ಜಯನಗರದ ಪಕ್ಕದ ಲಾಲ್‌ಬಾಗನ್ನು 1760ರಲ್ಲಿ ಶುರು ಮಾಡಿದವನು ಹೈದರ್ ಅಲಿ. ಅದೇ ಹೆಸರಿನ ತೋಟ ಶ್ರೀರಂಗಪಟ್ಟಣದಲ್ಲೂ ಇತ್ತು. ಹೈದರ್ ಮತ್ತು ಟಿಪ್ಪು ಇಬ್ಬರ ಸಮಾಧಿ ಇರುವ ಗುಂಬಜ್ ನಿಂತಿರುವುದು ಆ ಲಾಲ್‌ಬಾಗಿನಲ್ಲೇ.

ಆಮೇಲೆ ಬಂದದ್ದು ಕರೆಂಟು. ದಿವಾನ್ ಶೇಷಾದ್ರಿ ಅಯ್ಯರ್ ಕಾಲದಲ್ಲಿ ಶಿವನಸಮುದ್ರದ ವಿದ್ಯುತ್ ಯೋಜನೆ ಶುರುವಾಯಿತು. 1902ರಲ್ಲಿ ಅಲ್ಲಿಂದ ಸುಮಾರು 147 ಕಿ.ಮೀ. ದೂರದ ಕೋಲಾರದ ಚಿನ್ನದ ಗಣಿಗೆ ವಿದ್ಯುತ್ ಹರಿಯಿತು. ಬೆಂಗಳೂರಿನ ಬೀದಿಗಳಲ್ಲಿ ದೀಪ ಹತ್ತಿದ್ದು 1905ರಲ್ಲಿ. ಬೇಸಿಗೆಯಲ್ಲಿ ನದಿ ಸೊರಗಿದರೆ ಕರೆಂಟೂ ಸೊರಗುತ್ತಿತ್ತು. ಶ್ರೀರಂಗಪಟ್ಟಣದ ಮೇಲುಗಡೆ ಕನ್ನಂಬಾಡಿ ಕಟ್ಟೆ ಕಟ್ಟಲು ಬೇಸಾಯದ ಜೊತೆಗೆ ಇದೂ ಒಂದು ಕಾರಣ. ನೀರನ್ನು ವಿದ್ಯುತ್ ಕೇಂದ್ರದ ನಾಲೆಗೆ ತಿರುಗಿಸುವುದರಿಂದಲೇ ಬೇಸಿಗೆಯಲ್ಲಿ ಹೋದವರಿಗೆ ಹೆಚ್ಚಾಗಿ ಬರೀ ಬಂಡೆ ಕಾಣುತ್ತದೆ.

ಕೊನೆಗೆ ಬಂದದ್ದು ಕುಡಿಯುವ ನೀರು. ಬಿಟಿಎಂ ಎಂದರೆ ಬೈರಸಂದ್ರ, ತಾವರೆಕೆರೆ, ಮಡಿವಾಳ. ಮೂರೂ ಒಂದು ಕಾಲದ ಹಳ್ಳಿಗಳು, ಒಂದರ ಹೆಸರಿನಲ್ಲೇ ಕೆರೆ ಇದೆ. ಊರು ಬೆಳೆದ ಹಾಗೆ ಕೆರೆ, ಬಾವಿ ಸಾಲದೆ ಹೋದವು. 1974ರಲ್ಲಿ ಕಾವೇರಿ ಮೊದಲ ಹಂತದ ನೀರು ಬಂತು, ದಿನಕ್ಕೆ 13.5 ಕೋಟಿ ಲೀಟರ್. ಶಿವನಸಮುದ್ರದ ಬಳಿ ಎತ್ತಿದ ನೀರನ್ನು ಮಳವಳ್ಳಿ ತಾಲ್ಲೂಕಿನ ತೊರೆಕಾಡನಹಳ್ಳಿಯಲ್ಲಿ ಶುದ್ಧ ಮಾಡುತ್ತಾರೆ. ಅಲ್ಲಿಂದ ಹಾರೋಹಳ್ಳಿ, ಅಲ್ಲಿಂದ ತಾತಗುಣಿ, ಹೀಗೆ ಮೂರು ಕಡೆ ಪಂಪ್ ಮಾಡಿ ಸುಮಾರು 100 ಕಿ.ಮೀ. ದೂರ, 500 ಮೀಟರ್ ಎತ್ತರ ದಾಟಿಸುತ್ತಾರೆ. ಭಾನುವಾರ ಕಾರುಗಳು ಹೋಗುವ ದಾರಿಯಲ್ಲೇ, ಅವುಗಳಿಗೆ ಎದುರಾಗಿ, ನದಿ ಪ್ರತಿದಿನ ಊರಿಗೆ ಬರುತ್ತದೆ.

ಈ ಚರಿತ್ರೆ ನಮ್ಮ ಹಳ್ಳಿಗಳಿಗೆ ಯಾಕೆ ಬೇಕು? 2007ರಲ್ಲಿ ಬೆಂಗಳೂರಿನ ಸುತ್ತಲಿನ 110 ಹಳ್ಳಿಗಳನ್ನು ಮಹಾನಗರ ಪಾಲಿಕೆಗೆ ಸೇರಿಸಿದರು. ಅವುಗಳಿಗಾಗಿ ಮಾಡಿದ ಕಾವೇರಿ 5ನೇ ಹಂತ, ದಿನಕ್ಕೆ 77.5 ಕೋಟಿ ಲೀಟರಿನದು, ಉದ್ಘಾಟನೆಯಾದದ್ದು 2024ರ ಅಕ್ಟೋಬರ್ 16ರಂದು. ನಗರದ ಹೆಸರು ಬಂದು 17 ವರ್ಷವಾದ ಮೇಲೆ! ಅಷ್ಟು ವರ್ಷ ಆ ಹಳ್ಳಿಗಳಲ್ಲಿ ಹಲವಕ್ಕೆ ಬೋರ್‌ವೆಲ್, ಟ್ಯಾಂಕರ್‌ಗಳೇ ಗತಿಯಾಗಿದ್ದವು.

ಲೇಔಟಿನ ಕಲ್ಲು ನಿಮ್ಮೂರ ಗಡಿಗೂ ಬಂದಿದ್ದರೆ, ಕಾವೇರಿ ಬರುವ ತನಕ ನಿಮ್ಮ ಕೈಲಿರುವುದು ಊರ ಕೆರೆ ಒಂದೇ. ಅದರ ಅಳತೆ, ಗಡಿ ಪಂಚಾಯಿತಿ ದಾಖಲೆಯಲ್ಲಿ ಸರಿಯಾಗಿದೆಯೇ ಎಂದು ಈಗಲೇ ಹೋಗಿ ನೋಡಿ.