ಕಾನಕಾನಹಳ್ಳಿಯ ದಾರಿಯಿಂದ ಸಾನ್ ಸೆಬಾಸ್ಟಿಯನ್ನಿಗೆ

ಪಠ್ಯಪುಸ್ತಕಗಳು ಚರಿತ್ರೆಯನ್ನು ಪಾಠಗಳಾಗಿ ಕತ್ತರಿಸಿಡುವುದರಿಂದ ಒಂದು ತೊಂದರೆಯುಂಟು. ಒಬ್ಬನೇ ವ್ಯಕ್ತಿ ಎರಡು ಪಾಠಗಳಲ್ಲಿ ಎರಡು ಹೆಸರುಗಳಿಂದ ಬಂದರೆ ಮಕ್ಕಳ ಮನಸ್ಸಿನಲ್ಲಿ ಅವನು ಇಬ್ಬರಾಗಿಬಿಡುತ್ತಾನೆ. ನಾಲ್ಕನೆಯ ಮೈಸೂರು ಯುದ್ಧದ ಪಾಠದಲ್ಲಿ ಕರ್ನಲ್ ಆರ್ಥರ್ ವೆಲ್ಲೆಸ್ಲಿ ಬರುತ್ತಾನೆ. ನೆಪೋಲಿಯನ್ನನ ಪಾಠದ ಕೊನೆಯಲ್ಲಿ, ವಾಟರ್‌ಲೂ ಕದನದ ಜಾಗದಲ್ಲಿ, ಡ್ಯೂಕ್ ಆಫ್ ವೆಲಿಂಗ್ಟನ್ ಬರುತ್ತಾನೆ. ಇವರಿಬ್ಬರೂ ಒಬ್ಬನೇ ಎಂದು ತರಗತಿಯಲ್ಲಿ ಹೇಳಿದಾಗಲೆಲ್ಲ ಹಿಂದಿನ ಬೆಂಚಿನಿಂದ ಒಂದು ಅನುಮಾನದ ನಗೆ ಕೇಳಿಬರುತ್ತಿತ್ತು. ಸಹಾಯಕ ಸೈನ್ಯ ಪದ್ಧತಿಯ ಲಾರ್ಡ್ ವೆಲ್ಲೆಸ್ಲಿ ಇವನ ಅಣ್ಣ ಎಂದೂ ಸೇರಿಸಿದರೆ ಗೊಂದಲ ಪೂರ್ತಿಯಾಗುತ್ತಿತ್ತು. ಅಂದು ನಕ್ಕವರಲ್ಲಿ ಕೆಲವರು ಇಂದು ಇದನ್ನು ಓದುತ್ತಿರಬಹುದು. ಅವರಿಗಾಗಿಯೇ ಈ ಬರಹ.

2013ರಲ್ಲಿ ನಾನು ಐದು ತಿಂಗಳು ಫ್ರಾನ್ಸಿನ ಟುಲೂಸ್ ನಗರದಲ್ಲಿ ಮಗಳ ಮನೆಯಲ್ಲಿದ್ದೆ. ವಿಮಾನ ತಯಾರಿಕೆಯ ಊರು ಅದು. ನಮ್ಮ ಬೆಂಗಳೂರಿನ ಇಂಜಿನಿಯರುಗಳು ಅಲ್ಲಿ ಸಾಕಷ್ಟಿದ್ದಾರೆ. ಆ ಊರಿನ ಜೋಲಿಮೋ ಎಂಬ ದಿಬ್ಬದ ಮೇಲೆ ಇಟ್ಟಿಗೆಯ ಎತ್ತರದ ಕಂಬವೊಂದಿದೆ. 1814ರ ಏಪ್ರಿಲ್ 10ರಂದು ವೆಲಿಂಗ್ಟನ್ನನ ಸೈನ್ಯದೊಡನೆ ಅಲ್ಲಿ ಹೋರಾಡಿದ ಫ್ರೆಂಚರ ನೆನಪಿಗೆ ನಿಲ್ಲಿಸಿದ ಕಂಬ. ಆ ಹೊತ್ತಿಗಾಗಲೇ ಫಾಂಟೆನ್‌ಬ್ಲೋದಲ್ಲಿ ನೆಪೋಲಿಯನ್ ಸಿಂಹಾಸನ ತ್ಯಜಿಸಿಯಾಗಿತ್ತು. ಸುದ್ದಿ ದಕ್ಷಿಣಕ್ಕೆ ತಲುಪುವಷ್ಟರಲ್ಲಿ ಎರಡೂ ಕಡೆಯ ಸಾವಿರಾರು ಮಂದಿ ಸತ್ತು ಗಾಯಗೊಂಡಿದ್ದರು. ನಮ್ಮ ಕನಕಪುರದ ದಾರಿಯಲ್ಲಿ ನಡೆದುಹೋದ ಮನುಷ್ಯ ಹದಿನೈದು ವರ್ಷಗಳ ಅನಂತರ ನನ್ನ ಮಗಳ ಮನೆಯ ಬಳಿಗೂ ಬಂದಿದ್ದನೆಂದು ತಿಳಿದಾಗ, ನಡುವಿನ ದಾರಿಯನ್ನೂ ಒಮ್ಮೆ ನೋಡಬೇಕೆನಿಸಿತು. ಆ ದಾರಿ ಉತ್ತರ ಸ್ಪೇನಿನದು.

ಮಗಳು, ಅಳಿಯ ಇಬ್ಬರಿಗೂ ಬಿಡುವಿರಲಿಲ್ಲ. ‘ಅಪ್ಪಾ, ಒಬ್ಬರೇ ಹೋಗಬೇಡಿ’ ಎಂದು ಮಗಳು ಎರಡು ದಿನ ಹೇಳಿ, ಮೂರನೆಯ ದಿನ ತಾನೇ ಬಸ್ಸಿನ ಟಿಕೆಟ್ಟು ತಂದುಕೊಟ್ಟಳು. ಆಗಸ್ಟ್ 30ರ ಶುಕ್ರವಾರ ಹೊರಟು ಭಾನುವಾರ ರಾತ್ರಿ ಮರಳುವ ಏರ್ಪಾಡು. ಚೀಲದಲ್ಲಿ ಚಪಾತಿ, ಚಟ್ನಿಪುಡಿ, ಒಂದು ನಕಾಶೆ. ಬಿದಾಸೊವಾ ಎಂಬ ಸಣ್ಣ ನದಿಯನ್ನು ದಾಟಿದರೆ ದೇಶವೇ ಬದಲಾಗುತ್ತದೆ. ಯಾರೂ ಪಾಸ್‌ಪೋರ್ಟ್ ಕೇಳಲಿಲ್ಲ. ನಮ್ಮ ಅತ್ತಿಬೆಲೆಯ ಗಡಿಯಲ್ಲಿ ಇದಕ್ಕಿಂತ ಹೆಚ್ಚು ಗದ್ದಲವಿರುತ್ತದೆ.

ಮುಂದೆ ಹೋಗುವ ಮೊದಲು ನಮ್ಮ ಸೀಮೆಯ ಕಥೆಯನ್ನು ಹೇಳಬೇಕು. ಬೆಂಗಳೂರಿನಿಂದ ಶ್ರೀರಂಗಪಟ್ಟಣಕ್ಕೆ ಎರಡು ದಾರಿಗಳು. ಒಂದು ರಾಮಗಿರಿ, ಚನ್ನಪಟ್ಟಣಗಳ ಮೇಲೆ. ಇನ್ನೊಂದು ಕಾನಕಾನಹಳ್ಳಿ, ಅಂದರೆ ಇಂದಿನ ಕನಕಪುರದ ಮೇಲೆ. ಕೈಲಾಂಚ ಹೋಬಳಿಯ ನಮ್ಮ ಹಿರಿಯರು ಈ ಎರಡು ದಾರಿಗಳ ನಡುವೆ ಬೇಸಾಯ ಮಾಡಿಕೊಂಡಿದ್ದವರು. 1791ರ ಮೇ ತಿಂಗಳಲ್ಲಿ ಲಾರ್ಡ್ ಕಾರ್ನ್‌ವಾಲಿಸ್ ಕಾನಕಾನಹಳ್ಳಿಯ ದಾರಿ ಹಿಡಿದು ಶ್ರೀರಂಗಪಟ್ಟಣದ ಸಮೀಪದವರೆಗೂ ಹೋದನು. ಆದರೆ ಮಳೆ ಹಿಡಿಯಿತು, ಎತ್ತುಗಳು ರೋಗಕ್ಕೂ ಹಸಿವಿಗೂ ಸತ್ತವು, ದವಸ ತೀರಿತು. ಕೋಟೆ ಒಡೆಯಲು ಎಳೆದು ತಂದಿದ್ದ ದೊಡ್ಡ ಫಿರಂಗಿಗಳನ್ನು ತಾನೇ ನಾಶಪಡಿಸಿ ಹಿಂದಿರುಗಿದನು. ಆ ವರ್ಷದ ಡಿಸೆಂಬರಿನಲ್ಲಿ ಸಾವನದುರ್ಗ, ರಾಮಗಿರಿ, ಶಿವನಗಿರಿಗಳು ಬ್ರಿಟಿಷರ ವಶವಾದವು.

1799ರ ಮಾರ್ಚಿಯಲ್ಲಿ ಜನರಲ್ ಹ್ಯಾರಿಸ್ ಮತ್ತೆ ಅದೇ ದಕ್ಷಿಣದ ದಾರಿಯನ್ನೇ ಆರಿಸಿಕೊಂಡನು. ನಿಜಾಮನ ಕಡೆಯ ಸೈನ್ಯದ ಜೊತೆಗೆ ತನ್ನ 33ನೆಯ ರೆಜಿಮೆಂಟನ್ನು ನಡೆಸುತ್ತಿದ್ದವನು ಇಪ್ಪತ್ತೊಂಬತ್ತು ವರ್ಷದ ಆರ್ಥರ್ ವೆಲ್ಲೆಸ್ಲಿ. ಮಾರ್ಚಿ 27ರಂದು ಮಳವಳ್ಳಿಯಲ್ಲಿ ಕದನ. ಏಪ್ರಿಲ್ 5ರ ರಾತ್ರಿ ಶ್ರೀರಂಗಪಟ್ಟಣದ ಹೊರಗೆ ಸುಲ್ತಾನ್‌ಪೇಟೆಯ ತೋಪಿನ ಮೇಲೆ ಅವನು ನಡೆಸಿದ ದಾಳಿ ಕತ್ತಲಲ್ಲಿ ದಿಕ್ಕುಗೆಟ್ಟಿತು. ಅವನ ಮೊಣಕಾಲಿಗೆ ಪೆಟ್ಟು ಬಿತ್ತು, ಕೆಲವು ಸಿಪಾಯಿಗಳು ಸೆರೆಸಿಕ್ಕಿ ಸತ್ತರು. ಮರುದಿನ ಹಗಲಿನಲ್ಲಿ ಅದೇ ತೋಪು ಸುಲಭವಾಗಿ ಸಿಕ್ಕಿತು. ಮೇ 4ರಂದು, ಕಾವೇರಿಯ ನೀರು ತಗ್ಗಿದ್ದ ಕಾಲದಲ್ಲಿ, ಉರಿಬಿಸಿಲಿನ ಮಧ್ಯಾಹ್ನ ಕೋಟೆಗೆ ನುಗ್ಗಿದವನು ಜನರಲ್ ಬೇರ್ಡ್. ವೆಲ್ಲೆಸ್ಲಿ ಹಿಂದಿನ ಕಂದಕಗಳಲ್ಲಿ ಮೀಸಲು ಪಡೆಯೊಡನೆ ಇದ್ದನು. ಆ ರಾತ್ರಿ ಪಟ್ಟಣ ಸೂರೆಯಾಯಿತು. ಮರುದಿನ ಅಧಿಕಾರ ವೆಲ್ಲೆಸ್ಲಿಯ ಕೈಗೆ ಬಂದಾಗ ಅವನು ಲೂಟಿಕೋರರಲ್ಲಿ ನಾಲ್ವರನ್ನು ನೇಣಿಗೇರಿಸಿ, ಹಲವರಿಗೆ ಛಡಿಯೇಟು ಹೊಡೆಸಿ ಲೂಟಿಯನ್ನು ನಿಲ್ಲಿಸಿದನು. ಪಾಪ, ಕೋಟೆ ಗೆದ್ದ ಬೇರ್ಡನಿಗೆ ಆ ಅಧಿಕಾರ ದೊರೆಯಲಿಲ್ಲ. ಟಿಪ್ಪುವಿನ ಪಟ್ಟಣದಲ್ಲಿ ವರ್ಷಗಟ್ಟಲೆ ಸೆರೆಯಲ್ಲಿದ್ದ ಈ ಬೇರ್ಡನೂ ಮುಂದೆ ಉತ್ತರ ಸ್ಪೇನಿಗೇ ಹೋಗಿ, 1809ರ ಜನವರಿಯಲ್ಲಿ ಕೊರುನ್ನಾದ ಕದನದಲ್ಲಿ ಎಡಗೈ ಕಳೆದುಕೊಂಡನು.

ಇನ್ನು ನಮ್ಮವರ ಪಾಡು. ಶತ್ರುಸೈನ್ಯಕ್ಕೆ ಮೇವು, ದವಸ ಸಿಗಬಾರದೆಂದು ದಾರಿಯ ಹಳ್ಳಿಗಳನ್ನು ಸುಡಿಸುವುದು ಟಿಪ್ಪುವಿನ ಯುದ್ಧನೀತಿಯಾಗಿತ್ತು. ಹೀಗೆ ಕಾನಕಾನಹಳ್ಳಿ ಎರಡು ಬಾರಿ ಹಾಳಾಯಿತೆಂದು ಮೈಸೂರಿನ ಹಳೆಯ ಗೆಜೆಟಿಯರು ಹೇಳುತ್ತದೆ. ಸೈನ್ಯದೃಷ್ಟಿಯಿಂದ ಇದು ಸರಿಯಾದ ನೀತಿಯೇ. 1812ರಲ್ಲಿ ರಷ್ಯನ್ನರು ಇದನ್ನೇ ಮಾಡಿ ನೆಪೋಲಿಯನ್ನನನ್ನು ಸೋಲಿಸಿದರು. ಅದನ್ನು ಜಗತ್ತೇ ಹೊಗಳುತ್ತದೆ. ಆದರೆ ತನ್ನ ಮನೆಯ ಹುಲ್ಲಿನ ಬಣವೆಗೆ ತನ್ನ ದೊರೆಯ ಸವಾರರೇ ಬೆಂಕಿಯಿಟ್ಟಾಗ ಒಬ್ಬ ರೈತನಿಗೆ ಏನನ್ನಿಸಿತೆಂಬುದನ್ನು ಯಾವ ಗೆಜೆಟಿಯರೂ ಬರೆಯಲಿಲ್ಲ. ಟಿಪ್ಪುವನ್ನು ಹೊಗಳುವವರೂ ತೆಗಳುವವರೂ ಇಂದು ಬಹಳ ಮಂದಿ ಇದ್ದಾರೆ. ಆ ಬಣವೆಯ ಮಾತನ್ನು ಎರಡೂ ಕಡೆಯವರು ಎತ್ತುವುದಿಲ್ಲ.

ಸಾನ್ ಸೆಬಾಸ್ಟಿಯನ್ ಸಮುದ್ರದ ಮಗ್ಗುಲಲ್ಲಿರುವ ಚೆಲುವಾದ ಊರು. ಕಿವಿಯಾಕಾರದ ಕೊಲ್ಲಿ, ಒಂದು ಬದಿಗೆ ಉರ್ಗುಲ್ ಎಂಬ ಗುಡ್ಡ, ಗುಡ್ಡದ ಬುಡದಲ್ಲಿ ಹಳೆಯ ಪೇಟೆ, ಪಕ್ಕದಲ್ಲಿ ಉರುಮೆಯಾ ನದಿ. ಬಾಸ್ಕ್ ಭಾಷೆಯಲ್ಲಿ ಇದರ ಹೆಸರು ದೊನೊಸ್ತಿಯಾ. ಎಲ್ಲ ಫಲಕಗಳ ಮೇಲೂ ಎರಡು ಹೆಸರು. ಶಂಸೆರಾಬಾದ್, ಕ್ಲೋಸ್‌ಪೇಟೆ, ರಾಮನಗರ ಎಂದು ಹೆಸರು ಬದಲಿಸುತ್ತ ಬಂದು, 2025ರಲ್ಲಿ ಜಿಲ್ಲೆಯ ಹೆಸರನ್ನೂ ಬೆಂಗಳೂರು ದಕ್ಷಿಣವೆಂದು ಬದಲಿಸಿಕೊಂಡ ನಮಗೆ ಇದು ವಿಶೇಷವೇನೂ ಅಲ್ಲ. ಊಟದ ಕಷ್ಟವನ್ನು ಮಾತ್ರ ಹೇಳದಿರುವುದೇ ಲೇಸು. ಅಲ್ಲಿನ ಅಂಗಡಿಗಳಲ್ಲಿ ಬ್ರೆಡ್ಡಿನ ಮೇಲೆ ಏರಿ ಕುಳಿತದ್ದೆಲ್ಲ ಮೀನೇ. ಚಟ್ನಿಪುಡಿ ಕಾಪಾಡಿತು.

1813ರ ಬೇಸಗೆಯಲ್ಲಿ ಈ ಊರು ಫ್ರೆಂಚರ ಹಿಡಿತದಲ್ಲಿತ್ತು. ಬ್ರಿಟಿಷರು ಮತ್ತು ಪೋರ್ಚುಗೀಸರು ಸ್ಪೇನಿನ ಮಿತ್ರರು. ಊರನ್ನು ಬಿಡಿಸಲು ಬಂದವರು. ಜುಲೈ 25ರ ಮೊದಲ ದಾಳಿ ವಿಫಲವಾಯಿತು. ಆಗಸ್ಟ್ 31ರಂದು, ಶ್ರೀರಂಗಪಟ್ಟಣದಂತೆಯೇ ನೀರು ಇಳಿಯುವ ಹೊತ್ತನ್ನು ಕಾದು, ಹಾಡುಹಗಲಿನಲ್ಲಿ ಸೈನಿಕರು ನದಿಯ ಪಾತ್ರವನ್ನು ದಾಟಿ ಬಿರುಕುಬಿಟ್ಟ ಗೋಡೆಗೆ ನುಗ್ಗಿದರು. ಎರಡು ಸಾವಿರಕ್ಕೂ ಹೆಚ್ಚು ಮಂದಿ ಸತ್ತು ಗಾಯಗೊಂಡ ಮೇಲೆ ಊರು ವಶವಾಯಿತು. ಫ್ರೆಂಚರು ಗುಡ್ಡದ ಮೇಲಿನ ಕೋಟೆಗೆ ಸರಿದರು. ಆಮೇಲೆ ನಡೆದದ್ದು ಬಿಡುಗಡೆಯಲ್ಲ. ಬಿಡಿಸಲು ಬಂದವರೇ ಮನೆ ಮನೆಗೆ ನುಗ್ಗಿ ಸುಲಿದರು, ಹೆಂಗಸರ ಮೇಲೆ ಅತ್ಯಾಚಾರವೆಸಗಿದರು, ಜನರನ್ನು ಕೊಂದರು. ಊರಿಗೆ ಬೆಂಕಿ ಬಿದ್ದು ದಿನಗಟ್ಟಲೆ ಉರಿಯಿತು. ಸುಮಾರು ಆರುನೂರು ಮನೆಗಳಲ್ಲಿ ಉಳಿದದ್ದು ನಲವತ್ತಕ್ಕೂ ಕಡಿಮೆ. ಗುಡ್ಡದ ಬುಡದ ಒಂದು ಬೀದಿ ಮತ್ತು ಎರಡು ಚರ್ಚುಗಳು ಮಾತ್ರ ನಿಂತವು.

ವೆಲಿಂಗ್ಟನ್ ಆ ದಿನ ಊರೊಳಗೆ ಇರಲಿಲ್ಲ; ದಾಳಿಯ ಹೊಣೆ ಹೊತ್ತವನು ಜನರಲ್ ಗ್ರಹಾಮ್. ಬೇಕೆಂದೇ ಊರು ಸುಟ್ಟರೆಂದು ಸ್ಪೇನಿನ ಪತ್ರಿಕೆಗಳು ದೂರಿದಾಗ ವೆಲಿಂಗ್ಟನ್ ಬಲವಾಗಿ ಅಲ್ಲಗಳೆದನು. ಅವನ ಮಾತು ನಿಜವೇ ಇರಬಹುದು. ಆದರೆ ಶ್ರೀರಂಗಪಟ್ಟಣದಲ್ಲಿ ಒಂದೇ ದಿನದಲ್ಲಿ ಲೂಟಿಯನ್ನು ಹೇಗೆ ನಿಲ್ಲಿಸಬೇಕೆಂದು ತೋರಿಸಿದ್ದವನು ಅವನೇ ಅಲ್ಲವೇ? ಅವನು ಒಳ್ಳೆಯವನೋ ಕೆಟ್ಟವನೋ ಎಂಬ ವಿಚಾರಣೆಗಿಂತ ಈ ಪ್ರಶ್ನೆಯೇ ನನ್ನನ್ನು ಹೆಚ್ಚು ಕಾಡಿತು. ಶ್ರೀರಂಗಪಟ್ಟಣ ಇನ್ನು ಮುಂದೆ ಆಳಬೇಕಾದ ಊರಾಗಿತ್ತು. ಸಾನ್ ಸೆಬಾಸ್ಟಿಯನ್ ದಾಟಿ ಹೋಗಬೇಕಾದ ಊರು.

ಸೆಪ್ಟೆಂಬರ್ 8ರಂದು ಕೋಟೆಯ ಫ್ರೆಂಚರು ಶರಣಾದರು. ಅದೇ ದಿನ, ಊರು ಬಿಟ್ಟು ಓಡಿದ್ದ ಪ್ರಮುಖರು ಸಮೀಪದ ಸುಬಿಯೆತಾ ಎಂಬ ಹಳ್ಳಿಯಲ್ಲಿ ಸೇರಿ, ಬೂದಿಯಾದ ಊರನ್ನು ಮತ್ತೆ ಕಟ್ಟಬೇಕೆಂದು ತೀರ್ಮಾನಿಸಿದರು. ಉಳಿದ ಆ ಒಂದು ಬೀದಿಯ ಹೆಸರು ಈಗ ‘ಆಗಸ್ಟ್ 31ರ ಬೀದಿ’. ಪ್ರತಿವರ್ಷ ಆ ದಿನ ಸಂಜೆ ಬೀದಿದೀಪಗಳನ್ನು ಆರಿಸಿ, ಮಹಡಿಯ ಕಟಾಂಜನಗಳ ಮೇಲೆ ಮೇಣದ ಬತ್ತಿಗಳನ್ನು ಹಚ್ಚುತ್ತಾರೆ. ನಾನು ಹೋದದ್ದು ಇನ್ನೂರನೆಯ ವರ್ಷ, ಶನಿವಾರವೂ ಆಗಿತ್ತು. ಜನ ಕಿಕ್ಕಿರಿದಿದ್ದರು. ಭಾಷಣ ನನಗೆ ತಿಳಿಯಲಿಲ್ಲ. ತಿಳಿಯುವ ಅಗತ್ಯವೂ ಬೀಳಲಿಲ್ಲ. ನನ್ನ ಪಕ್ಕದ ಮುದುಕಿಯೊಬ್ಬರು ಮೊಮ್ಮಗನ ಕೈಹಿಡಿದು ಒಂದೊಂದೇ ಮನೆಯನ್ನು ಬೆರಳಿಟ್ಟು ತೋರಿಸುತ್ತಿದ್ದರು.

ಭಾನುವಾರ ಬೆಳಿಗ್ಗೆ ಬಸ್ಸು ಹಿಡಿದು ವಿತೋರಿಯಾಕ್ಕೆ ಹೋದೆ. ನೂರು ಕಿಲೋಮೀಟರಿನ ದಾರಿ. 1813ರ ಜೂನ್ 21ರಂದು ಇಲ್ಲಿ ನೆಪೋಲಿಯನ್ನನ ಅಣ್ಣ, ಸ್ಪೇನಿನ ಸಿಂಹಾಸನದ ಮೇಲೆ ಕೂರಿಸಲ್ಪಟ್ಟಿದ್ದ ಜೋಸೆಫನು ಸೋತು, ನೂರೈವತ್ತು ಫಿರಂಗಿಗಳನ್ನೂ ಖಜಾನೆಯ ಬಂಡಿಗಳನ್ನೂ ಬಿಟ್ಟು ಓಡಿದನು. ಗೆದ್ದ ಸೈನಿಕರು ಬೆನ್ನಟ್ಟುವುದನ್ನು ಬಿಟ್ಟು ಬಂಡಿಗಳಿಗೆ ಮುಗಿಬಿದ್ದರು. ಅರಮನೆಯಿಂದ ಕದ್ದು ಸುತ್ತಿಟ್ಟಿದ್ದ ಚಿತ್ರಪಟಗಳು ವೆಲಿಂಗ್ಟನ್ನನ ಕೈಸೇರಿದವು. ಹಿಂದಿರುಗಿಸುತ್ತೇನೆಂದು ಅವನು ಬರೆದನು. ನೀನೇ ಇಟ್ಟುಕೋ ಎಂದು ಸ್ಪೇನಿನ ಅರಸನಿಂದ ಉತ್ತರ ಬಂತು. ಅವು ಲಂಡನ್ನಿನ ಅವನ ಮನೆಯಲ್ಲಿಯೇ ಇವೆ. ಅದೇ ಲಂಡನ್ನಿನ ಮ್ಯೂಸಿಯಮ್ಮೊಂದರಲ್ಲಿ ಟಿಪ್ಪುವಿನ ಹುಲಿಯೂ ಇದೆ. ಅದನ್ನು ಇಟ್ಟುಕೊಳ್ಳಲು ಯಾರನ್ನೂ ಕೇಳಲಿಲ್ಲವೆನ್ನುವುದು ಒಂದು ವ್ಯತ್ಯಾಸ.

ಆದರೆ ವಿತೋರಿಯಾ ಪಟ್ಟಣ ಮಾತ್ರ ಸೂರೆಯಾಗಲಿಲ್ಲ. ವೆಲಿಂಗ್ಟನ್ನನ ಪರಿವಾರದಲ್ಲಿದ್ದ ಜನರಲ್ ಆಲವಾ ಅದೇ ಊರಿನ ಮಗ. ಕುದುರೆ ಪಡೆಯೊಡನೆ ಮುಂದಾಗಿ ಧಾವಿಸಿ ಊರಿನ ಬಾಗಿಲುಗಳಿಗೆ ಕಾವಲಿಟ್ಟು ಜನರನ್ನು ಉಳಿಸಿದನು. ಊರ ನಡುವಿನ ಚೌಕದಲ್ಲಿ 1917ರ ದೊಡ್ಡ ಸ್ಮಾರಕವಿದೆ. ಅದರಲ್ಲಿ ಅವನ ಪ್ರತಿಮೆಯೂ ಇದೆ. ಎರಡು ತಿಂಗಳ ಅನಂತರ ಸಾನ್ ಸೆಬಾಸ್ಟಿಯನ್ನಿಗೆ ಅಂಥವನೊಬ್ಬನಿರಲಿಲ್ಲ.

ಕೊನೆಯದಾಗಿ ಎತ್ತುಗಳ ಮಾತು. ರೈತರ ಮಕ್ಕಳಾದ ನಿಮಗೆ ಇದು ಇಷ್ಟವಾದೀತು. ಮೈಸೂರು ಅರಸರ ಕಾಲದಿಂದ ಬೆಳೆದುಬಂದ ಸೈನ್ಯದ ದನಗಳ ಇಲಾಖೆಗೆ ಟಿಪ್ಪು ಅಮೃತಮಹಲ್ ಎಂದು ಹೆಸರಿಟ್ಟನು. ನಮ್ಮ ಕಡೆಯ ಹಳ್ಳಿಕಾರ್ ರಾಸುಗಳ ರಕ್ತಸಂಬಂಧಿಗಳೇ ಅವು. ಭಾರ ಎಳೆದು, ಅರೆಹೊಟ್ಟೆಯಲ್ಲಿಯೂ ವೇಗವಾಗಿ ನಡೆಯುವಂಥವು. ಎತ್ತುಗಳಿಲ್ಲದೆ ಕಾರ್ನ್‌ವಾಲಿಸ್ ಹಿಂದಿರುಗಿದ್ದನ್ನು ಮೇಲೆ ಹೇಳಿದೆ. 1799ರ ಅನಂತರ ಆ ದನಗಳು ಕಂಪನಿಯ ಪಾಲಾದವು. ಅವುಗಳ ಬಲದಿಂದಲೇ ವೆಲ್ಲೆಸ್ಲಿ 1800ರಲ್ಲಿ ಧೋಂಡಿಯ ವಾಘನನ್ನು ತುಂಗಭದ್ರೆಯ ಆಚೆಯವರೆಗೆ ಬೆನ್ನಟ್ಟಿದನು. ಸ್ಪೇನಿನಲ್ಲಿ ಅವನಿಗೆ ದೊರೆತದ್ದು ಹೇಸರಗತ್ತೆಗಳು ಮತ್ತು ಅಚ್ಚು ಕಿರುಗುಟ್ಟುವ ನಿಧಾನದ ಗಾಡಿಗಳು. ಮೈಸೂರಿನ ಆ ಎತ್ತುಗಳು ಇಲ್ಲಿಲ್ಲವಲ್ಲ ಎಂದು ಅವನು ಅಲ್ಲಿ ಹಲವು ಬಾರಿ ಪೇಚಾಡಿಕೊಂಡನೆಂದು ಅಮೃತಮಹಲ್ ತಳಿಯ ಚರಿತ್ರೆ ಬರೆದವರು ದಾಖಲಿಸಿದ್ದಾರೆ.

ನಮ್ಮ ಹೋಬಳಿಯಲ್ಲಾಗಲಿ, ಕನಕಪುರದ ಸುತ್ತಲಾಗಲಿ ಆ ಸೈನ್ಯಗಳ ಕಾಲದ ಸುಟ್ಟ ಊರು, ಬಿಟ್ಟ ಊರು, ಹಾಳು ದಿಣ್ಣೆಗಳ ಬಗೆಗೆ ನಿಮ್ಮ ಅಜ್ಜ ಅಜ್ಜಿಯರು ಏನಾದರೂ ಹೇಳುತ್ತಿದ್ದುದು ನೆನಪಿದ್ದರೆ ದಯವಿಟ್ಟು ನನಗೆ ಬರೆದು ತಿಳಿಸಿ. ಯಾವ ಊರಿನ ದಿಣ್ಣೆ, ಯಾರು ಹೇಳಿದ್ದು ಎಂಬುದನ್ನೂ ಸೇರಿಸಿ. ತೋಟಕ್ಕೆಂದು ಜೆಸಿಬಿ ತಂದು ಸಮಮಾಡಿಸುವ ಮೊದಲು ತಿಳಿಸಿದರೆ ಬಂದು ನೋಡಿಕೊಂಡು ಹೋಗುತ್ತೇನೆ.