ಗೂಗಲ್ ಫ್ಲೂ ಟ್ರೆಂಡ್ಸ್

ಗೂಗಲ್ ಫ್ಲೂ ಟ್ರೆಂಡ್ಸ್ ಎಂಬುದು ಜನರು ಅಂತರಜಾಲದಲ್ಲಿ ನಡೆಸುವ ಹುಡುಕಾಟಗಳನ್ನು ಆಧರಿಸಿ ಫ್ಲೂ ಜ್ವರದ ಹರಡುವಿಕೆಯನ್ನು ಅಂದಾಜು ಮಾಡುತ್ತಿದ್ದ ಸೇವೆ. ಗೂಗಲ್ ಸಂಸ್ಥೆಯು ಇದನ್ನು 2008ರ ನವೆಂಬರ್‌ನಲ್ಲಿ ಅಮೆರಿಕ ಸಂಯುಕ್ತ ಸಂಸ್ಥಾನಕ್ಕಾಗಿ ಆರಂಭಿಸಿ, ನಂತರ 25ಕ್ಕೂ ಹೆಚ್ಚು ದೇಶಗಳಿಗೆ ವಿಸ್ತರಿಸಿತು. 2015ರ ಆಗಸ್ಟ್‌ನಲ್ಲಿ ಅಂದಾಜುಗಳ ಪ್ರಕಟಣೆ ನಿಂತಿತು. ಆರೋಗ್ಯ ಸಂಶೋಧನೆಯಲ್ಲಿ ಅಂತರಜಾಲದ ದತ್ತಾಂಶದ ಬಳಕೆಯನ್ನು ಚರ್ಚಿಸುವಾಗ ಇದನ್ನು ಇಂದಿಗೂ ಉದಾಹರಿಸಲಾಗುತ್ತದೆ. ಅದಕ್ಕೆ ಕಾರಣ ಸೇವೆಯ ಆರಂಭಿಕ ಯಶಸ್ಸಿಗಿಂತ ಹೆಚ್ಚಾಗಿ ಅದು ಮುಂದೆ ಎಡವಿದ ರೀತಿ.

ಹಿನ್ನೆಲೆ

ಅಮೆರಿಕದಲ್ಲಿ ಫ್ಲೂ ಕುರಿತ ಅಧಿಕೃತ ಮಾಹಿತಿಯನ್ನು ರೋಗ ನಿಯಂತ್ರಣ ಮತ್ತು ತಡೆಗಟ್ಟುವಿಕೆ ಕೇಂದ್ರಗಳು (ಸಿಡಿಸಿ) ಸಂಗ್ರಹಿಸುತ್ತವೆ. ಜ್ವರದೊಂದಿಗೆ ಕೆಮ್ಮು ಅಥವಾ ಗಂಟಲು ನೋವಿನಿಂದ ಬರುವ ರೋಗಿಗಳು ಒಟ್ಟು ಭೇಟಿಗಳಲ್ಲಿ ಶೇಕಡಾ ಎಷ್ಟು ಎಂಬುದನ್ನು ಆಯ್ದ ವೈದ್ಯರು ಪ್ರತಿ ವಾರ ವರದಿ ಮಾಡುತ್ತಾರೆ. ಈ ವರದಿಗಳು ಒಟ್ಟುಗೂಡಿ ಪ್ರಕಟವಾಗಲು ಒಂದೆರಡು ವಾರ ಹಿಡಿಯುತ್ತಿತ್ತು. ಆದರೆ ಅನಾರೋಗ್ಯ ಕಾಡಿದಾಗ ಅನೇಕರು ವೈದ್ಯರ ಬಳಿ ಹೋಗುವ ಮೊದಲೇ ಲಕ್ಷಣ ಮತ್ತು ಔಷಧಗಳ ಬಗ್ಗೆ ಅಂತರಜಾಲದಲ್ಲಿ ಹುಡುಕುತ್ತಾರೆ. ಈ ಹುಡುಕಾಟಗಳನ್ನು ಎಣಿಸಿದರೆ ವಿಳಂಬವನ್ನು ಒಂದು ದಿನಕ್ಕೆ ಇಳಿಸಬಹುದು ಎಂಬುದು ಯೋಜನೆಯ ಮೂಲ ವಿಚಾರವಾಗಿತ್ತು.

ಕಾರ್ಯವಿಧಾನ

ಜೆರೆಮಿ ಗಿನ್ಸ್‌ಬರ್ಗ್ ಮತ್ತು ಸಹಸಂಶೋಧಕರು ಈ ವಿಧಾನವನ್ನು 'ನೇಚರ್' ಪತ್ರಿಕೆಯಲ್ಲಿ ವಿವರಿಸಿದರು. 2003ರಿಂದ 2008ರವರೆಗಿನ ಹುಡುಕಾಟಗಳಿಂದ ಅತಿ ಸಾಮಾನ್ಯವಾದ 5 ಕೋಟಿ ಹುಡುಕುಪದಗಳನ್ನು ತೆಗೆದುಕೊಂಡು, ಪ್ರತಿಯೊಂದರ ವಾರವಾರದ ಏರಿಳಿತವನ್ನು ಸಿಡಿಸಿಯ ಅಂಕಿಗಳೊಂದಿಗೆ ಗಣಕಯಂತ್ರದಿಂದ ಹೋಲಿಸಲಾಯಿತು. ಹೆಚ್ಚು ಹೊಂದಿಕೆಯಾದ 45 ಪದಗಳಿಂದ ಮಾದರಿ ಸಿದ್ಧವಾಯಿತು. ಮಾದರಿಯನ್ನು ರೂಪಿಸಲು ಬಳಸದೆ ಬಿಟ್ಟಿದ್ದ ವಾರಗಳಲ್ಲಿ ಅದನ್ನು ಪರೀಕ್ಷಿಸಿದಾಗ ಸಹಸಂಬಂಧದ ಸರಾಸರಿ 0.97 ಇತ್ತು.

ಈ ಆಯ್ಕೆಯಲ್ಲಿಯೇ ಒಂದು ಎಚ್ಚರಿಕೆಯೂ ಅಡಗಿತ್ತು. ಹೆಚ್ಚು ಹೊಂದಿಕೆಯಾದ ಮೊದಲ ನೂರು ಪದಗಳಲ್ಲಿ ಪ್ರೌಢಶಾಲಾ ಬ್ಯಾಸ್ಕೆಟ್‌ಬಾಲ್ ಕೂಡ ಇತ್ತು! ಆ ಪಂದ್ಯಗಳೂ ಫ್ಲೂವೂ ಅಮೆರಿಕದಲ್ಲಿ ಚಳಿಗಾಲಕ್ಕೇ ಬರುತ್ತವೆ ಎಂಬುದನ್ನು ಬಿಟ್ಟರೆ ಎರಡಕ್ಕೂ ಸಂಬಂಧವಿಲ್ಲ. ಆ ಪದ ಅಂತಿಮ 45ರಲ್ಲಿ ಸೇರಲಿಲ್ಲ. ಆದರೂ ಕೋಟಿಗಟ್ಟಲೆ ಪದಗಳನ್ನು ಕೆಲವೇ ನೂರು ವಾರಗಳ ಅಂಕಿಗಳೊಂದಿಗೆ ಹೋಲಿಸಿದಾಗ ಆಕಸ್ಮಿಕ ಹೊಂದಿಕೆಗಳು ಸಿಗುವುದು ಅನಿವಾರ್ಯ.

ತಪ್ಪಿದ ಅಂದಾಜುಗಳು

2009ರ ವಸಂತದಲ್ಲಿ ಎಚ್1ಎನ್1 ಸಾಂಕ್ರಾಮಿಕ ಹಬ್ಬಿದಾಗ ಈ ಸೇವೆ ಅದರ ಮೊದಲ ಅಲೆಯನ್ನು ತೀರಾ ಕಡಿಮೆ ಅಂದಾಜು ಮಾಡಿತು. ರೋಗದ ಜೊತೆಗೆ ಚಳಿಗಾಲವನ್ನೂ ಕಲಿತಿದ್ದ ಮಾದರಿಗೆ ಅಕಾಲದಲ್ಲಿ ಬಂದ ಫ್ಲೂ ಸರಿಯಾಗಿ ಕಾಣಿಸಲಿಲ್ಲ. ಅದೇ ವರ್ಷ ಮಾದರಿಯನ್ನು ಪರಿಷ್ಕರಿಸಲಾಯಿತು.

2012–13ರ ಚಳಿಗಾಲದಲ್ಲಿ ತಪ್ಪು ಇನ್ನೊಂದು ದಿಕ್ಕಿಗೆ ತಿರುಗಿತು. ಋತುವಿನ ಉತ್ತುಂಗದಲ್ಲಿ ಸೇವೆಯ ಅಂದಾಜು ಸಿಡಿಸಿಯ ಅಂಕಿಯ ಸುಮಾರು ಎರಡು ಪಟ್ಟಾಗಿತ್ತು. 2014ರಲ್ಲಿ ಡೇವಿಡ್ ಲೇಜರ್, ರಯಾನ್ ಕೆನಡಿ, ಗ್ಯಾರಿ ಕಿಂಗ್ ಮತ್ತು ಅಲೆಸ್ಸಾಂಡ್ರೊ ವೆಸ್ಪಿಗ್ನಾನಿ 'ಸೈನ್ಸ್' ಪತ್ರಿಕೆಯಲ್ಲಿ ಬರೆದ ಲೇಖನದ ಪ್ರಕಾರ, 2011ರ ಆಗಸ್ಟ್‌ನಿಂದ ಆರಂಭಿಸಿ 108 ವಾರಗಳಲ್ಲಿ 100 ವಾರ ಅಂದಾಜು ವಾಸ್ತವಕ್ಕಿಂತ ಹೆಚ್ಚಾಗಿತ್ತು.

ಗೂಗಲ್‌ನ ಹುಡುಕು ಯಂತ್ರವೇ ಬದಲಾಗುತ್ತಿದ್ದುದನ್ನು ಅವರು ಮುಖ್ಯ ಕಾರಣಗಳಲ್ಲಿ ಒಂದಾಗಿ ಗುರುತಿಸಿದರು. ಬಳಕೆದಾರರಿಗೆ ಯಂತ್ರವೇ ಸಂಬಂಧಿತ ಪದಗಳನ್ನು ಸೂಚಿಸತೊಡಗಿದಾಗ, ಕೆಮ್ಮಿನ ಬಗ್ಗೆ ವಿಚಾರಿಸಿದವರೂ ಫ್ಲೂ ಕುರಿತ ಪುಟಗಳತ್ತ ಸಾಗುತ್ತಾರೆ ಮತ್ತು ಕಾಯಿಲೆ ಹೆಚ್ಚದಿದ್ದರೂ ಎಣಿಕೆ ಏರುತ್ತದೆ. ಸುದ್ದಿಮಾಧ್ಯಮಗಳು ಹುಟ್ಟಿಸಿದ ಭಯದಿಂದ ಆರೋಗ್ಯವಂತರೂ ಹುಡುಕಿದ್ದು ಇನ್ನೊಂದು ಕಾರಣವಾಗಿರಬಹುದು. ಬಳಸಿದ 45 ಪದಗಳ ಪೂರ್ಣ ಪಟ್ಟಿಯನ್ನು ಸಂಸ್ಥೆ ಪ್ರಕಟಿಸದ ಕಾರಣ ಹೊರಗಿನವರು ಇದನ್ನು ಪರೀಕ್ಷಿಸುವುದು ಕಷ್ಟವಾಗಿತ್ತು. ಸಾರ್ವಜನಿಕ ಆರೋಗ್ಯದ ದೃಷ್ಟಿಯಿಂದ ಇದು ಸಣ್ಣ ಲೋಪವಲ್ಲ. ಎರಡು ವಾರ ಹಳೆಯದಾದ ಸಿಡಿಸಿ ಅಂಕಿಗಳನ್ನೇ ಮುಂದಕ್ಕೆ ಲೆಕ್ಕ ಹಾಕಿದರೂ ಗೂಗಲ್‌ನದಕ್ಕಿಂತ ಉತ್ತಮ ಅಂದಾಜು ಸಿಗುತ್ತಿತ್ತು, ಎರಡನ್ನೂ ಸೇರಿಸಿದರೆ ಫಲಿತಾಂಶ ಮತ್ತಷ್ಟು ಸುಧಾರಿಸುತ್ತಿತ್ತು ಎಂದೂ ಅವರು ತೋರಿಸಿದರು.

ಡೆಂಗ್ಯೂ ಮತ್ತು ಭಾರತ

ಇದೇ ಮಾದರಿಯ 'ಗೂಗಲ್ ಡೆಂಗ್ಯೂ ಟ್ರೆಂಡ್ಸ್' 2011ರಲ್ಲಿ ಆರಂಭವಾಯಿತು. ಬೊಲಿವಿಯಾ, ಬ್ರೆಜಿಲ್, ಇಂಡೋನೇಷ್ಯಾ ಮತ್ತು ಸಿಂಗಪುರಗಳೊಂದಿಗೆ ಭಾರತವೂ ಅದರ ಮೊದಲ ದೇಶಗಳಲ್ಲಿ ಸೇರಿತ್ತು. ಅಂತರಜಾಲ ಎಲ್ಲರ ಕೈಗೆ ಎಟುಕದ ದೇಶದಲ್ಲಿ ಇಂತಹ ಎಣಿಕೆಗೆ ಸಿಗುವುದು ಸಂಪರ್ಕ ಇರುವವರ ಹುಡುಕಾಟ ಮಾತ್ರ. ಮೊಬೈಲ್ ಇಲ್ಲದ ಕೂಲಿಕಾರರ ಜ್ವರ ಅದರಲ್ಲಿ ದಾಖಲಾಗುವುದಿಲ್ಲ. ಒಂದೇ ಕಾಯಿಲೆಯ ಹೆಸರನ್ನು ಜನರು ಕನ್ನಡ ಲಿಪಿಯಲ್ಲಿ, ಇಂಗ್ಲಿಷ್ ಅಕ್ಷರಗಳಲ್ಲಿ ಅಥವಾ ಇಂಗ್ಲಿಷಿನಲ್ಲಿಯೇ ಬರೆಯುವುದರಿಂದ ಪದಗಳ ಆಯ್ಕೆಯೂ ಜಟಿಲವಾಗುತ್ತದೆ.

ಸ್ಥಗಿತದ ನಂತರ

2015ರಲ್ಲಿ ಎರಡೂ ಸೇವೆಗಳು ಒಟ್ಟಿಗೆ ನಿಂತವು. ಗೂಗಲ್ ತನ್ನ ದತ್ತಾಂಶವನ್ನು ಕೊಲಂಬಿಯಾ ವಿಶ್ವವಿದ್ಯಾಲಯ, ಬಾಸ್ಟನ್ ಮಕ್ಕಳ ಆಸ್ಪತ್ರೆ, ಸಿಡಿಸಿ ಮೊದಲಾದ ಸಂಸ್ಥೆಗಳ ಸಂಶೋಧಕರಿಗೆ ಒದಗಿಸುವುದಾಗಿ ತಿಳಿಸಿತು. ಅದೇ ವರ್ಷ ಪ್ರಕಟವಾದ 'ಆರ್ಗೊ' ಎಂಬ ಮಾದರಿಯು ಹುಡುಕಾಟದ ಅಂಕಿಗಳನ್ನು ಸಿಡಿಸಿಯ ಹಿಂದಿನ ವಾರಗಳ ವರದಿಗಳೊಂದಿಗೆ ಸೇರಿಸಿ, ಪ್ರತಿ ವಾರ ಹೊಸದಾಗಿ ತಿದ್ದಿಕೊಳ್ಳುವಂತೆ ರೂಪಿಸಲ್ಪಟ್ಟಿತ್ತು. ಅದರ ಅಂದಾಜುಗಳು ಫ್ಲೂ ಟ್ರೆಂಡ್ಸ್‌ಗಿಂತ ನಿಖರವಾಗಿದ್ದವು.